ಕೊಡಲಿಯ ಸುತ್ತ ಮೂರು ಸಂದು

ನನ್ನ ಮಗಳು ನನ್ನನ್ನು ಅವ್ವ ಎನ್ನುವುದು ಬಿಟ್ಟು ಅಮ್ಮ ಎಂದ ದಿನ ನನಗೆ ಚೆನ್ನಾಗಿ ನೆನಪಿದೆ. ಭಾನುವಾರ, ಒಲೆಯ ಮೇಲೆ ಹುರುಳಿ ಬೇಯುತ್ತಿತ್ತು. ಮಹಡಿಯಿಂದ ಇಳಿದು ಬಂದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಮ್ಮ, ಊಟಕ್ಕೆ ಅಕ್ಕ ಮೇಲೆಯೇ ಕರೆದಿದ್ದಾರೆ ಎಂದಳು. ಯಾರನ್ನು ಕರೆಯುತ್ತಿದ್ದಾಳೆ ಎಂದು ನಾನು ಹಿಂದೆ ತಿರುಗಿ ನೋಡಿದೆ. ಹತ್ತೊಂಬತ್ತು ವರ್ಷ ಅವ್ವ ಆಗಿದ್ದವಳು ನಾನು. ಹೋಗು, ಹೋಗಿ ಉಣ್ಣು ಎಂದೆ. ಹುರುಳಿಗೆ ಉಪ್ಪು ಹಾಕಿದೆನೋ ಇಲ್ಲವೋ ಗೊತ್ತಾಗದೆ ಎರಡು ಸಲ ಹಾಕಿಬಿಟ್ಟೆ.

ನಮ್ಮ ಮನೆ ಕೊಯಮತ್ತೂರಿನ ಕುರಿಚಿಯಲ್ಲಿ, ಫೌಂಡ್ರಿಗಳ ಎಸ್ಟೇಟಿಗೆ ನಡೆದು ಹೋಗುವಷ್ಟು ಹತ್ತಿರ. ನಮ್ಮವರು ಧಾರಾಪುರಂ ಕಡೆಯ ಒಕ್ಕಲು ಮಂದಿ. ಕನ್ನಡ ನಾಡು ಬಿಟ್ಟು ಎಷ್ಟು ತಲೆಮಾರಾಯಿತು ಎಂದು ಕೇಳಿದರೆ ನನ್ನ ಮಾವನೂ ಕೈ ಆಡಿಸುತ್ತಿದ್ದರು. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಶಾಲೆಯಲ್ಲಿ ಕಲಿತದ್ದು ತಮಿಳು, ಸಹಿ ಹಾಕುವುದು ತಮಿಳಿನಲ್ಲಿ. ನಮ್ಮ ಭಾಷೆಗೂ ಅಕ್ಷರ ಇದೆ ಎನ್ನುವುದು ನಮಗೆ ಬೆಂಗಳೂರು ಬಸ್ಸಿನ ಬೋರ್ಡು ನೋಡಿದಾಗ ಮಾತ್ರ ನೆನಪಾಗುತ್ತಿತ್ತು. ಈಗ ಇದನ್ನು ಬರೆಯುತ್ತಿರುವ ಅಕ್ಷರವನ್ನು ನಾನು ಐವತ್ತು ದಾಟಿದ ಮೇಲೆ, ಮಗಳು ಬಿಟ್ಟುಹೋದ ಕಾಪಿ ಪುಸ್ತಕ ನೋಡಿಕೊಂಡು, ಬರೀ ಹಠಕ್ಕೆ ಕಲಿತೆ. ಯಾರೂ ಕಲಿಸಲಿಲ್ಲ, ಕಲಿಸಿ ಎಂದು ನಾನೂ ಕೇಳಲಿಲ್ಲ.

ಅಕ್ಕ ಎಂದರೆ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ. ಮೈಸೂರು ಕಡೆಯವಳು, ಪಂಪ್ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ನಮ್ಮ ಜಾತಿಯಲ್ಲ, ಧರ್ಮವೂ ಬೇರೆ. ಒಂಟಿ ಹೆಣ್ಣಿಗೆ ಮನೆ ಕೊಡಬೇಡಿ ಎಂದು ಬೀದಿಯವರು ಹೇಳಿದಾಗ, ಕನ್ನಡ ಮಾತಾಡುತ್ತಾಳೆ, ನಮ್ಮವಳೇ ಎಂದು ವಾದ ಮಾಡಿ ಕೊಡಿಸಿದವಳು ನಾನು. ನನ್ನ ಕೈಯಾರೆ ನಾನೇ ತಂದುಕೊಂಡದ್ದು, ಯಾರಿಗೆ ಹೇಳಲಿ.

ಮೊದಲ ತಿಂಗಳು ಅವಳ ಕನ್ನಡ ಕೇಳುವುದೇ ನನಗೆ ಖುಷಿ. ಒಂದೊಂದು ಮಾತನ್ನೂ ಒಗೆದು ಒಣಗಿಸಿ ಮಡಚಿಟ್ಟ ಹಾಗೆ ಆಡುತ್ತಿದ್ದಳು. ಆಮೇಲೆ ಮಗಳು ಹತ್ತಿ ಹೋಗಲು ಶುರು ಮಾಡಿದಳು. ಕಾಲೇಜಿನಿಂದ ಬಂದು ಚೀಲ ಇಟ್ಟರೆ ಸಾಕು, ಹೊರಗಿನ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಮೇಲೆ ಅ ಆ ಇ ಈ, ಆಮೇಲೆ ಕಾಗುಣಿತ, ಆಮೇಲೆ ಇಬ್ಬರೂ ಸೇರಿ ಪುಸ್ತಕ ಓದುವುದು, ನಗುವುದು. ಆ ನಗುವನ್ನು ನಾನು ಕೆಳಗೆ ತೊಗರಿ ಆರಿಸುತ್ತ ಕೇಳುತ್ತಿದ್ದೆ. ಮಳೆ ಬರುತ್ತಿದೆ, ಜನ್ನಲ್ ಚಾತ್ತು ಕಣ್ಣು ಎಂದು ನಾನು ಮುದ್ದಿನಿಂದ ಹೇಳಿದರೆ, ಕಿಟಕಿ ಮುಚ್ಚು ಅನ್ನಬೇಕು ಅಮ್ಮ ಎಂದು ಮಗಳು ತಿದ್ದುತ್ತಿದ್ದಳು. ಯಾರು ಕಲಿಸಿದ್ದೇ ನಿನಗೆ ಮಾತು? ಎದೆಹಾಲಿನ ಜೊತೆ ನಾನು ಕೊಟ್ಟ ಮಾತು ಅದು. ಅದನ್ನೇ ಈಗ ಮಹಡಿಯವಳು ಸೋಸಿ ಕೊಡುತ್ತಾಳೆ, ಇವಳು ನನ್ನ ಮುಂದೆ ಅದನ್ನು ಮೆರೆಸುತ್ತಾಳೆ. ನನ್ನ ಹೊಟ್ಟೆ ಎಷ್ಟು ಉರಿಯುತ್ತಿತ್ತು ಎಂದರೆ, ಅವಳು ಮೇಲಿನಿಂದ ಕಳಿಸಿದ ಬಿಸಿಬೇಳೆಬಾತನ್ನು ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲಾಗದೆ ಕೆಲಸದವಳಿಗೆ ಕೊಟ್ಟುಬಿಡುತ್ತಿದ್ದೆ. ವಾಸನೆ ಮಾತ್ರ ಮನೆಯಲ್ಲಿ ಉಳಿಯುತ್ತಿತ್ತು, ಹಾಳಾದದ್ದು.

ನನ್ನ ಗಂಡನದು ತಗಡು ಕೊರೆಯುವ ಶೆಡ್ಡು, ಮನೆಯ ಹಿಂದಿನ ಓಣಿಯಲ್ಲಿ. ಪಂಪು, ಮೋಟರು ಹೊರದೇಶಕ್ಕೆ ಹೋಗುವ ಮರದ ಪೆಟ್ಟಿಗೆಗಳ ಮೇಲೆ ಅಂಕಿ, ಬಾಣ, ಕೊಡೆಯ ಚಿತ್ರ ಬಣ್ಣದಲ್ಲಿ ಒತ್ತುತ್ತಾರಲ್ಲ, ಅದಕ್ಕೆ ಬೇಕಾದ ತೂತು ಕೊರೆದ ತಗಡು ಮಾಡಿಕೊಡುತ್ತೇವೆ. ಸ್ಟೆನ್ಸಿಲ್ ಎನ್ನುತ್ತಾರೆ. ಕೊರೆಯುವುದು ಅವರ ಕೆಲಸ. ಡ್ರಾಯಿಂಗ್ ಹಿಡಿದು ಅಳತೆ ಸರಿ ನೋಡಿ, ಅಂಚಿನ ಮುಳ್ಳು ಅರದಲ್ಲಿ ಉಜ್ಜಿ, ಯಾರು ಏನು ಒಯ್ದರೆಂದು ಚಲನ್ ಬರೆದು ಕೊಡುವುದು ನನ್ನ ಕೆಲಸ. ಕುರಿಚಿಯಲ್ಲಿ ಜಾಬ್ ವರ್ಕ್ ಮಾಡುವವರಿಗೆ ಒಂದು ನಡತೆ ಇದೆ. ಇದು ಯಾವುದಕ್ಕೆ, ಯಾರಿಗೆ ಎಂದು ಕೇಳಬಾರದು. ಕಾರ್ಖಾನೆಯವರು ಡ್ರಾಯಿಂಗಿನ ಹೆಸರಿನ ಜಾಗಕ್ಕೆ ಕಾಗದ ಅಂಟಿಸಿಯೇ ಕಳಿಸುತ್ತಾರೆ. ಕೇಳಿದವನಿಗೆ ಮುಂದಿನ ಕೆಲಸ ಬರುವುದಿಲ್ಲ. ಹಾಗೆ ಕೇಳದೆ ಇರುವುದನ್ನು ನಾವು ಮರ್ಯಾದೆ ಎಂದೇ ತಿಳಿದಿದ್ದೆವು.

ಪಕ್ಕದ ಬೀದಿಯ ಗ್ರಿಲ್ ಅಂಗಡಿಯವರು ನಮಗೆ ಹಳೆಯ ಗಿರಾಕಿ, ನಮ್ಮ ಮನೆಯ ಕಿಟಕಿಗೂ ಅವರದೇ ಗ್ರಿಲ್. ಒಂದು ದಿನ ಬಂದು ಗೇಟಿನ ಡಿಸೈನು ಎಂದು ಒಂದು ಚಿತ್ರ ಕೊಟ್ಟರು. ಒಂದು ವೃತ್ತ, ಒಳಗೆ ನೆಟ್ಟಗೆ ನಿಂತ ಕೊಡಲಿ. ನಾನು ನೋಡಿದ ಕೂಡಲೇ, ಇದು ಆಗುವುದಿಲ್ಲ ಅಣ್ಣ ಎಂದೆ. ಆಗುವುದಿಲ್ಲ ಎಂದದ್ದು ಬೇರೆ ಕಾರಣಕ್ಕಲ್ಲ. ವೃತ್ತವನ್ನು ಪೂರ್ತಿ ಕೊರೆದರೆ ಒಳಗಿನ ತಗಡು ಕಳಚಿ ಬಿದ್ದುಹೋಗುತ್ತದೆ, ಅದಕ್ಕೆ ಅಲ್ಲಲ್ಲಿ ಕೊರೆಯದೆ ಸೇತುವೆ ಬಿಡಬೇಕು. ಮೇಲೆ ಒಂದು, ಕೆಳಗೆ ಎಡಬಲಕ್ಕೆ ಒಂದೊಂದು, ಮೂರು ಸೇತುವೆ ನಾನೇ ಪೆನ್ಸಿಲಿನಲ್ಲಿ ಎಳೆದು ತೋರಿಸಿದೆ. ನಾಲ್ಕು ಮಿಲಿಮೀಟರು. ಬೇರೆ ಅಂಗಡಿಯವರು ಎರಡು, ಎರಡೂವರೆ ಬಿಡುತ್ತಾರೆ, ಎರಡು ದಿನಕ್ಕೆ ಬಗ್ಗಿಹೋಗುತ್ತದೆ. ನಾಲ್ಕು ನನ್ನ ರೂಢಿ. ಅವರು ಹೊಗಳಿ ಹೋದರು. ತಗಡು ಬಂದ ಮೇಲೆ ಯಾರ ಕೈಯೂ ಕುಯ್ಯದಿರಲಿ ಎಂದು ಕೊಡಲಿಯ ಅಂಚನ್ನು ಎರಡು ಸಲ ಉಜ್ಜಿ, ಪೇಪರಿನಲ್ಲಿ ಸುತ್ತಿ ಕೊಟ್ಟೆ. ಚಲನ್ ಪುಸ್ತಕದಲ್ಲಿ ಅವರ ಅಂಗಡಿಯ ಹೆಸರು, ಅವರ ಸಹಿ.

ತಿರುಪ್ಪೂರಿನಲ್ಲಿ ಹೊರಗಿನಿಂದ ಬಂದ ಕೆಲಸಗಾರರ ಕೋಣೆಗಳ ಬಾಗಿಲಿಗೆ ಒಂದು ಗುಂಪು ಏನೋ ಗುರುತು ಹಾಕುತ್ತಿದೆ, ಹಾಕಿದ ಕಡೆ ಜನ ಗಂಟುಮೂಟೆ ಕಟ್ಟುತ್ತಿದ್ದಾರೆ ಎಂದು ಟಿವಿಯಲ್ಲಿ ಬರುತ್ತಿತ್ತು. ಗುರುತನ್ನು ಮಾತ್ರ ಮಸುಕು ಮಾಡಿ ತೋರಿಸುತ್ತಿದ್ದರು. ಇಂಥದ್ದನ್ನು ಹಾಕುವುದೇ ಅಪರಾಧ ಆಗಬೇಕು ಎಂದು ಒಬ್ಬರು, ಬರೀ ಚಿತ್ರ ತಾನೆ, ಚಿತ್ರಕ್ಕೆಲ್ಲ ಜೈಲೇ ಎಂದು ಇನ್ನೊಬ್ಬರು ಕೂಗಾಡುತ್ತಿದ್ದರು. ನಾನು ಚಾನಲ್ ಬದಲಿಸುತ್ತಿದ್ದೆ. ಹೊರಗಿನವರ ವಿಷಯ, ನಮಗೇನು.

ಒಂದು ಬೆಳಗ್ಗೆ ಐದೂವರೆಗೆ ಬಾಗಿಲಿಗೆ ನೀರು ಹಾಕಲು ಬಕೆಟ್ ಹಿಡಿದು ಹೊರಗೆ ಬಂದೆ. ಮಹಡಿಯ ಮೆಟ್ಟಿಲು ಹೊರಗಿನಿಂದಲೇ ಇದೆ, ಅದರ ಬುಡಕ್ಕೆ ಅವಳದೇ ಒಂದು ಬಾಗಿಲು. ಆ ಬಾಗಿಲ ಮೇಲೆ ಕಪ್ಪು ಬಣ್ಣದಲ್ಲಿ ಕೊಡಲಿ ನಿಂತಿತ್ತು. ಸುತ್ತ ವೃತ್ತ. ವೃತ್ತದಲ್ಲಿ ಮೇಲೆ ಒಂದು, ಕೆಳಗೆ ಎಡಬಲಕ್ಕೆ ಒಂದೊಂದು, ಬಣ್ಣ ತಾಗದ ಮೂರು ಸಂದು. ಟಿವಿಯವರು ಮಸುಕು ಮಾಡಿದ್ದು ಏನೆಂದು ನನಗೆ ಆಗ ತಿಳಿಯಿತು.

ಈಗ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ, ಬಚ್ಚಿಟ್ಟು ಪ್ರಯೋಜನವಿಲ್ಲ. ನನಗೆ ಭಯ ಆಗಲಿಲ್ಲ. ಅಯ್ಯೋ ಪಾಪ ಅನ್ನಿಸಲಿಲ್ಲ. ಇನ್ನು ಇವಳು ಹೊರಡುತ್ತಾಳೆ ಅನ್ನಿಸಿತು. ಯಾರನ್ನೂ ಎಬ್ಬಿಸಲಿಲ್ಲ. ನೀರು ಹಾಕಿದೆ, ಕಸ ಗುಡಿಸಿದೆ, ಹದಿನೈದು ಚುಕ್ಕಿಯ ರಂಗೋಲಿ ಬಿಟ್ಟೆ. ಅಷ್ಟು ದೊಡ್ಡ ರಂಗೋಲಿ ನಾನು ಪೊಂಗಲ್‌ಗೆ ಮಾತ್ರ ಬಿಡುವುದು. ಒಳಗೆ ಬಂದು ಹಾಲು ಕಾಯಿಸಿದೆ.

ಏಳಕ್ಕೆ ಅವಳು ಇಳಿದು ಬಂದಳು. ಕೂಗಲಿಲ್ಲ, ಬಾಗಿಲ ಮುಂದೆ ಸುಮ್ಮನೆ ನಿಂತುಬಿಟ್ಟಳು. ಕೂಗಿದವಳು ನನ್ನ ಮಗಳು. ಆಮೇಲೆ ಬೀದಿಗೆ ಬೀದಿಯೇ ಬಂತು. ಒಂಟಿ ಹೆಣ್ಣಿಗೆ ಮನೆ ಕೊಡಬೇಡಿ ಎಂದವರೇ ಫ್ಲಾಸ್ಕಿನಲ್ಲಿ ಕಾಫಿ ತಂದರು. ಎದುರುಮನೆಯ ಹೆಂಗಸು ಅವಳ ತಲೆ ಸವರಿದಳು. ನನಗೆ ಟೈಫಾಯ್ಡ್ ಆಗಿ ಇಪ್ಪತ್ತು ದಿನ ಮಲಗಿದ್ದಾಗ ಇಣುಕಿ ನೋಡದ ಹೆಂಗಸು. ಎಂಥ ಭಾಗ್ಯ ನೋಡಿ, ಬಾಗಿಲಿಗೆ ಕೊಡಲಿ ಬಿದ್ದರೂ ಅವಳಿಗೇ ಹೂವು. ನಾನೂ ಮನೆಯೊಳಗೆ ಕನ್ನಡ ಆಡುವವಳೇ, ನನ್ನ ಬಾಗಿಲಿಗೆ ಯಾಕೆ ಹಾಕಲಿಲ್ಲ ಎಂದು ಕೂಡ ಒಂದು ಕ್ಷಣ ಅನ್ನಿಸಿತು. ನಗಬೇಡಿ, ಹೊಟ್ಟೆಕಿಚ್ಚಿಗೆ ಬುದ್ಧಿ ಇರುವುದಿಲ್ಲ.

ಗಂಡ ಬಂದು ನೋಡಿದರು. ಮೂರು ಸಂದು ನೋಡಿದರು, ನನ್ನ ಮುಖ ನೋಡಿದರು. ಹಾಗೆಯೇ ಶೆಡ್ಡಿಗೆ ಹೋದರು. ಮಧ್ಯಾಹ್ನ ಊಟಕ್ಕೆ ಕೂತಾಗ, ಹಳೆಯ ಗಿರಾಕಿ, ಬಾಯಿ ಬಿಡಬೇಡ ಎಂದಷ್ಟೇ ಅಂದರು. ನನಗೆ ಅಷ್ಟು ಸಾಕಾಗಿತ್ತು. ಗಂಡ ಹೇಳಿದ್ದಕ್ಕೆ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು.

ಮಹಡಿಯವಳು ಮಗಳನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋಗಿ ದೂರು ಬರೆದುಕೊಟ್ಟು ಬಂದಳು. ಇನ್ಸ್‌ಪೆಕ್ಟರು ಒಳ್ಳೆಯವರಂತೆ, ಬಿಡಿಸಿ ಹೇಳಿದರಂತೆ. ಹಾಕಿದ್ದು ಯಾರೆಂದು ಗೊತ್ತಾಗಬೇಕು. ಹೆದರಿಸಿ ಓಡಿಸುವುದಕ್ಕೆ ಹಾಕಿದ್ದು, ಹೆದರಿಕೆಯೂ ಆಯಿತು ಎಂದು ತೋರಿಸಿದರೆ ಅದು ಬೆದರಿಕೆಯ ಕೇಸು, ಜೈಲಿಗೆ ಕಳಿಸಬಹುದು. ಇಲ್ಲದಿದ್ದರೆ ಗೋಡೆ ಬಾಗಿಲು ಕೆಡಿಸಿದ ಚಿಲ್ಲರೆ ಕೇಸು. ಚಿತ್ರ ಒಂದೇ ಸಾಲದು ಎಂದರಂತೆ. ಆ ಹುಡುಗಿಯೋ ದೂರಿನ ಕೊನೆಗೆ, ನಾನು ಹೆದರಿಲ್ಲ, ಆದರೂ ಕ್ರಮ ಕೈಗೊಳ್ಳಬೇಕು ಎಂದು ಬರೆದು ಬಂದಿದ್ದಳು. ಎಂಥ ಧೈರ್ಯ ಅಲ್ವಾ ಅಮ್ಮ ಎಂದು ಮಗಳು ಕಣ್ಣರಳಿಸಿ ಹೇಳಿದಾಗ, ನಾನು ಪಾತ್ರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಕುಕ್ಕಿದೆ.

ನಾನು ಎಣಿಸಿದ್ದು ಒಂದು, ಆದದ್ದು ಇನ್ನೊಂದು. ಅಕ್ಕ ಒಬ್ಬಳೇ ಇರಬಾರದು ಎಂದು ಮಗಳು ಹಾಸಿಗೆ ದಿಂಬು ಹೊತ್ತು ಮೇಲೆ ಹೋದಳು. ಕೆಳಗೆ ಬರುವುದು ಸ್ನಾನಕ್ಕೆ ಮಾತ್ರ. ಬಾಗಿಲಿನ ಗುರುತಿನ ಮೇಲೆ ಅವಳು ಕಂದು ಕಾಗದ ಅಂಟಿಸಿದಳು, ಮಗಳು ಆ ಕಾಗದದ ಮೇಲೆ ಹೂಬಳ್ಳಿ ಬರೆದಳು. ನಾನು ದಿನಾ ಬೆಳಗ್ಗೆ ಆ ಹೂಬಳ್ಳಿಯ ಮುಂದೆ ನೀರು ಹಾಕುತ್ತಿದ್ದೆ. ಚಲನ್ ಪುಸ್ತಕ ಶೆಡ್ಡಿನ ಮೇಜಿನ ಡ್ರಾಯರಿನಲ್ಲಿತ್ತು. ಒಂದು ಹಾಳೆ ಹರಿದು ಮಹಡಿ ಹತ್ತಿದ್ದರೆ ಮುಗಿಯುತ್ತಿತ್ತು. ಎಷ್ಟೋ ಸಲ ಡ್ರಾಯರು ತೆರೆದೆ, ಮುಚ್ಚಿದೆ. ಮೇಲಿನಿಂದ ನಗು ಕೇಳಿಸುತ್ತಿದ್ದಂತೆ ಅದನ್ನು ಮುಚ್ಚುವುದು ಸುಲಭವಾಗುತ್ತಿತ್ತು.

ಎರಡನೆಯ ಸಲ ಗುರುತು ಬಿದ್ದದ್ದು ಅವಳ ಕಾರ್ಖಾನೆಯ ಹೊರಗೆ, ಅವಳ ಸ್ಕೂಟರಿನ ಸೀಟಿನ ಮೇಲೆ. ಕಾರ್ಖಾನೆಯವರಿಗೆ ರಗಳೆ ಬೇಡ. ಅವಳನ್ನು ಹೊಸೂರಿಗೆ ಹಾಕಿದರು. ಹತ್ತೇ ದಿನದಲ್ಲಿ ಟೆಂಪೋ ಬಂತು. ಹೊರಡುವಾಗ ನನ್ನ ಎರಡೂ ಕೈ ಹಿಡಿದುಕೊಂಡು, "ನೀವು ಮನೆ ಕೊಟ್ಟಿರಿ ಆಂಟಿ, ಅದನ್ನ ಮರೆಯಲ್ಲ" ಎಂದಳು. ನಾನು ನೆಲ ನೋಡುತ್ತ, ಹುಷಾರಾಗಿ ಹೋಗಿ ಬಾಮ್ಮ ಎಂದೆ. ಟೆಂಪೋ ತಿರುವು ದಾಟಿದ ಮೇಲೆ ಮಗಳು ನನ್ನ ಕಡೆ ಬರುತ್ತಾಳೆ ಎಂದುಕೊಂಡು ನಿಂತಿದ್ದೆ. ಅವಳು ಮೆಟ್ಟಿಲು ಹತ್ತಿ ಖಾಲಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಲ್ಲಿ ಒಂದು ಮೊಳೆ, ಒಂದು ಕ್ಯಾಲೆಂಡರು ಬಿಟ್ಟರೆ ಏನೂ ಇರಲಿಲ್ಲ. ಖಾಲಿ ಕೋಣೆಯ ಮೇಲೂ ನನಗೆ ಹೊಟ್ಟೆಕಿಚ್ಚು ಬಂತು, ಎಂಥ ಹೆಂಗಸು ನಾನು.

ಮುಂದಿನ ವಾರ ಹೊಸ ಬಾಡಿಗೆಯವರು ನೋಡಲು ಬರುತ್ತಾರೆಂದು, ಬಾಗಿಲು ಚೊಕ್ಕ ಮಾಡಲು ಮಗಳಿಗೆ ಹೇಳಿದೆ. ಅವಳು ಥಿನ್ನರ್ ಡಬ್ಬಿ, ಹಳೆ ಬಟ್ಟೆ ತೆಗೆದುಕೊಂಡು ಹೋಗಿ ಕಾಗದ ಕಿತ್ತಳು. ಎಷ್ಟು ಹೊತ್ತಾದರೂ ಉಜ್ಜುವ ಸದ್ದಿಲ್ಲ. ಹೋಗಿ ನೋಡಿದರೆ, ಕಾಲೇಜಿನ ಸ್ಕೇಲು ಹಿಡಿದು ವೃತ್ತದ ಸಂದು ಅಳೆಯುತ್ತಿದ್ದಾಳೆ. ಮೊದಲ ದಿನ ಅವಳು ಕೊಡಲಿ ನೋಡಿದ್ದಳೇ ಹೊರತು ಸಂದು ನೋಡಿರಲಿಲ್ಲ. ಶೆಡ್ಡಿನ ಮೇಜಿನ ಕೆಳಗೆ ತಗಡಿನ ಚೂರುಗಳಲ್ಲಿ ಆಡಿ ಬೆಳೆದ ಹುಡುಗಿ, ಸೇತುವೆ ಎಂದರೇನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ನಾಲ್ಕು ಮಿಲಿಮೀಟರು" ಎಂದಳು.

ನಾನು ಥಿನ್ನರ್ ಡಬ್ಬಿ ಎತ್ತಿಕೊಂಡೆ.

"ನಾಲ್ಕು ಬಿಡೋದು ನೀನೊಬ್ಬಳೇ" ಎಂದಳು.

ಬೈದಿದ್ದರೆ ನಾನೂ ಬೈಯುತ್ತಿದ್ದೆ, ನನಗೆ ಬಾಯಿ ಇಲ್ಲವೇ. ಅವಳು ಬೈಯಲಿಲ್ಲ. ಗೊತ್ತಿತ್ತಾ ಎಂದು ಕೇಳಿದಳು. ಕೊರೆಯುವಾಗ ಗೊತ್ತಿರಲಿಲ್ಲ ಎಂದೆ. ಆಮೇಲೆ ಎಂದು ಕೇಳಿದಳು. ಆಮೇಲೆ ಗೊತ್ತಾಯಿತು ಎಂದೆ. ಅವಳು ಸ್ಕೇಲನ್ನು ಬಟ್ಟೆಯಲ್ಲಿ ಒರೆಸಿ, ನಾಳೆ ಬೆಳಗ್ಗೆ ಸ್ಟೇಷನ್ನಿಗೆ ಹೋಗೋಣ, ನೀನು ಬರದಿದ್ದರೆ ನಾನೊಬ್ಬಳೇ ಹೋಗುತ್ತೇನೆ ಎಂದಳು. ಗಂಡ ಬೇಡ ಎಂದರು, ಗಿರಾಕಿ, ಕಸುಬು ಎಂದೆಲ್ಲ ಹೇಳಿದರು. ನಾನು ಮೇಜಿನಿಂದ ಚಲನ್ ಪುಸ್ತಕ ತೆಗೆದು ಚೀಲದಲ್ಲಿ ಹಾಕಿಕೊಂಡೆ. ನ್ಯಾಯಕ್ಕಾಗಿ ಹೊರಟೆ ಎಂದರೆ ಸುಳ್ಳಾದೀತು. ಮಗಳು ನನ್ನನ್ನು ಬಿಟ್ಟು ಒಬ್ಬಳೇ ಎಲ್ಲಿಗಾದರೂ ಹೋಗುವುದನ್ನು ಇನ್ನೊಂದು ಸಲ ನೋಡುವ ಶಕ್ತಿ ನನಗಿರಲಿಲ್ಲ, ಅಷ್ಟೆ.

ಇನ್ಸ್‌ಪೆಕ್ಟರು ಚಲನ್ ನೋಡಿದರು, ಸಹಿ ನೋಡಿದರು, ಬಾಗಿಲಿನ ಫೋಟೋ ಪಕ್ಕಕ್ಕಿಟ್ಟುಕೊಂಡು ಸಂದುಗಳನ್ನು ಎಣಿಸಿದರು. ನಾನು ಎಲ್ಲವನ್ನೂ ತಮಿಳಿನಲ್ಲಿ ನೆಟ್ಟಗೆ ಹೇಳಿದೆ, ಯಾರು ತಂದದ್ದು, ಏನೆಂದು ಹೇಳಿದ್ದು, ಯಾವಾಗ ಒಯ್ದದ್ದು, ಬಾಗಿಲಲ್ಲಿ ಗುರುತನ್ನು ಮೊದಲು ನಾನೇ ನೋಡಿದ್ದು. ಹಾಕಿದ್ದು ಯಾರೆಂದು ಹಿಡಿಯಲು ಇಷ್ಟು ಸಾಕಮ್ಮ ಎಂದರು. ಆಮೇಲೆ ಹಳೆಯ ದೂರನ್ನು ತಿರುವಿ, ಪೆನ್ನಿನ ಹಿಂಬದಿಯಿಂದ ಕೊನೆಯ ಸಾಲನ್ನು ತಟ್ಟಿದರು. ನಾನು ಹೆದರಿಲ್ಲ ಎಂದು ಆ ಹುಡುಗಿಯೇ ಬರೆದಿದ್ದಾಳೆ, ಅವರ ವಕೀಲ ಇದೊಂದನ್ನೇ ಹಿಡಿದು ಕೂರುತ್ತಾನೆ, ಅವಳು ಬಂದು ಬೇರೆ ಹೇಳಿಕೆ ಕೊಡಬಹುದೇ ಎಂದು ಕೇಳಿದರು. ಮಗಳು ಹಿಂದಿನ ದಿನವೇ ಹೊಸೂರಿಗೆ ಫೋನು ಮಾಡಿದ್ದಳು. ಆ ಊರಿಗೆ ನಾನು ಇನ್ನು ಕಾಲಿಡುವುದಿಲ್ಲ ಎಂದಿದ್ದಳಂತೆ ಅವಳು.

ಇನ್ಸ್‌ಪೆಕ್ಟರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. ಅದೇ ಮನೆಯಲ್ಲಿ ಇರುವವರು ನೀವು, ಮೊದಲು ನೋಡಿದವರೂ ನೀವೇ. ಆ ಗುರುತು ನೋಡಿ ನಿಮಗೆ ಭಯ ಆಯಿತು ಎಂದರೆ ಅದನ್ನೇ ಬರೆದುಕೊಳ್ಳುತ್ತೇನೆ, ಕೇಸು ನಿಲ್ಲುತ್ತದೆ. ಭಯ ಆಯಿತೇ ಎಂದು ಕೇಳಿದರು.

ಆಯಿತು ಎನ್ನುವುದು ತಮಿಳಿನಲ್ಲಿ ಒಂದೇ ಮಾತು. ಬಾಯಿಗೆ ಬಂದಿತ್ತು ಕೂಡ. ಪಕ್ಕದಲ್ಲಿ ಮಗಳು ಕೂತಿದ್ದಳು, ಮೊಣಕೈ ನನ್ನ ಮೊಣಕೈಗೆ ತಾಗಿಕೊಂಡಿತ್ತು. ಎಷ್ಟು ತಿಂಗಳಾಗಿತ್ತು ಅವಳು ಅಷ್ಟು ಹತ್ತಿರ ಕೂತು. ನಾನು ಇನ್ಸ್‌ಪೆಕ್ಟರನ್ನು ಬಿಟ್ಟು ಅವಳ ಕಡೆ ತಿರುಗಿದೆ. ಬಂದದ್ದು ನಮ್ಮ ಮನೆಯ ಮಾತು.

"ಇಲ್ಲ ಕಣ್ಣು. ಬಯ ಆಗ್ಲಿಲ್ಲ. ಅವ್ಳು ಓಯ್ತಾಳೆ ಅಂತ ನಂಗೆ ಸಂತೋಸ ಆಯ್ತು."

ಅವಳ ಮೊಣಕೈ ದೂರ ಸರಿಯಿತು. ಇನ್ಸ್‌ಪೆಕ್ಟರು ಪೆನ್ನು ಹಿಡಿದೇ, ಏನು ಹೇಳುತ್ತಾರೆ ನಿಮ್ಮ ತಾಯಿ ಎಂದು ಅವಳನ್ನು ಕೇಳಿದರು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಮುಖ ನೋಡುತ್ತಲೇ ಅವರಿಗೆ ತಮಿಳಿನಲ್ಲಿ ಉತ್ತರ ಕೊಟ್ಟಳು.

"ರೊಂಬ ಬಯಂದುಟ್ಟಾಂಗ ಸಾರ್."

ತುಂಬ ಹೆದರಿಬಿಟ್ಟರು ಎಂದು. ಅವರು ಅದನ್ನು ಹಾಗೆಯೇ ಬರೆದುಕೊಂಡರು. ಎರಡು ದಿನ ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ ಎಂದು ಅವಳು ಸೇರಿಸಿದಳು, ಅದನ್ನೂ ಬರೆದುಕೊಂಡರು. ಕಾಗದ ನನ್ನ ಮುಂದೆ ಬಂತು. ಇದು ಸುಳ್ಳು ಎನ್ನಬಹುದಿತ್ತು. ಹಾಗೆ ಅಂದಿದ್ದರೆ ಗ್ರಿಲ್ ಅಂಗಡಿಯವರು ದಂಡ ಕಟ್ಟಿ ಸಂಜೆಗೆ ಮನೆಗೆ ಹೋಗುತ್ತಿದ್ದರು. ನಾನು ಸಹಿ ಹಾಕಿದೆ.

ಬಸ್‌ಸ್ಟಾಪಿನವರೆಗೆ ಅವಳು ನನ್ನ ಮುಂದೆ ನಡೆದಳು, ಒಮ್ಮೆಯೂ ತಿರುಗಿ ನೋಡಲಿಲ್ಲ. ಹುಟ್ಟಿದಾಗಿನಿಂದ ಅವಳು ಸುಳ್ಳು ಹೇಳಿದ್ದು ನಾನು ಕೇಳಿರಲಿಲ್ಲ. ಹೇಳಿ ಸಿಕ್ಕಿಬೀಳುವ ಭಯಕ್ಕೆ ಹೋಮ್‌ವರ್ಕ್ ಕೂಡ ಬಿಡದ ಹುಡುಗಿ. ಅಂಥವಳು ಪೊಲೀಸರ ಮುಂದೆ, ಕಣ್ಣು ಮಿಟುಕಿಸದೆ ಹೇಳಿಬಿಟ್ಟಳು. ಅದು ನನ್ನ ಮಾನ ಉಳಿಸಲು ಹೇಳಿದ್ದು ಎಂದುಕೊಳ್ಳಲು ದಾರಿಯುದ್ದಕ್ಕೂ ಪ್ರಯತ್ನಪಟ್ಟೆ, ಆಗಲಿಲ್ಲ. ಅವಳು ಅದನ್ನು ಹೇಳಿದ್ದು ಮಹಡಿಯವಳಿಗಾಗಿ. ಬಸ್ಸು ಬಂತು, ಹತ್ತಿದೆವು, ಅವಳು ನನಗೆ ಸೀಟು ಬಿಟ್ಟುಕೊಟ್ಟು ದೂರ ಹೋಗಿ ನಿಂತಳು. ಊರು ಬಿಟ್ಟು ಹೋದವಳಿಗಾಗಿ ನನ್ನ ಮಗಳು ಆ ಸುಳ್ಳು ಹೇಳಿದಳಲ್ಲ ಎಂದು, ಆ ಸೀಟಿನಲ್ಲಿ ಕೂತು, ನನಗೆ ಮತ್ತೆ ಹೊಟ್ಟೆ ಉರಿಯಿತು.